ಮನಸ್ಸಿಗೂ ಒಂದು ಗರಡಿ

ವರ್ಷವಿಡೀ ಚೆನ್ನಾಗಿ ಅಭ್ಯಾಸ ಮಾಡಿದ ಆಟಗಾರ ಪಂದ್ಯದ ದಿನವೇ ಏಕೆ ಎಡವುತ್ತಾನೆ? ಕೈಕಾಲುಗಳ ಬಲ ಒಂದು ರಾತ್ರಿಯಲ್ಲಿ ಕುಗ್ಗುವುದಿಲ್ಲ, ಕುಗ್ಗುವುದು ಮನಸ್ಸು. ಸೋಲಿನ ಭಯ ಹೊಕ್ಕೊಡನೆ ಉಸಿರಾಟ ತೀವ್ರವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಗಮನ ಆಟದಿಂದ ಫಲಿತಾಂಶದ ಕಡೆಗೆ ಜಾರುತ್ತದೆ. ಈ ಮನಸ್ಸನ್ನು ಪಳಗಿಸುವ ವಿದ್ಯೆಗೂ ಒಂದು ಇತಿಹಾಸವಿದೆ.

ಹಳೆಯ ಮೈಸೂರು ಸೀಮೆಯ ಗರಡಿಮನೆಗಳನ್ನು ನೆನೆಯೋಣ. ಪೈಲ್ವಾನನು ದೇವರಿಗೆ ಕೈಮುಗಿದು, ಮಟ್ಟಿಯನ್ನು ಮೈಗೆ ಸವರಿಕೊಂಡು ಅಖಾಡಕ್ಕೆ ಇಳಿಯುತ್ತಿದ್ದ. ದಿನವೂ ತಪ್ಪದ ಈ ಕ್ರಮ ಭಕ್ತಿಯೂ ಹೌದು, ಚಿತ್ತವನ್ನು ಒಂದೆಡೆ ನಿಲ್ಲಿಸುವ ಉಪಾಯವೂ ಹೌದು. ಆಟಗಾರನ ಮನಸ್ಸು ವಿಜ್ಞಾನದ ವಿಷಯವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 1925ರಲ್ಲಿ ಕೋಲ್ಮನ್ ಗ್ರಿಫಿತ್ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರೀಡಾಪಟುಗಳ ಅಧ್ಯಯನಕ್ಕೆ ಪ್ರಯೋಗಾಲಯವೊಂದನ್ನು ತೆರೆದರು.

ನಮ್ಮ ನಾಡಿನ ದೊಡ್ಡ ನಿದರ್ಶನ ಪ್ರಕಾಶ್ ಪಡುಕೋಣೆ. ಅವರು ಬ್ಯಾಡ್ಮಿಂಟನ್ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಸಭಾಂಗಣದಲ್ಲಿ. ಸಮಾರಂಭವಿದ್ದ ದಿನ ಆಟವಿಲ್ಲ. ಇಲ್ಲದ ದಿನ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಟ. 1962ರ ರಾಜ್ಯ ಕಿರಿಯರ ಪಂದ್ಯಾವಳಿಯಲ್ಲಿ ಮೊದಲ ಸುತ್ತಿನಲ್ಲೇ ಸೋತ ಬಾಲಕ, ಎರಡು ವರ್ಷಗಳಲ್ಲಿ ಅದೇ ಪ್ರಶಸ್ತಿಯನ್ನು ಗೆದ್ದ. 1971ರಿಂದ ಸತತ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆದ.

1980ರ ಮಾರ್ಚ್‌ನಲ್ಲಿ ಲಂಡನ್ನಿನ ಆಲ್ ಇಂಗ್ಲೆಂಡ್ ಅಂತಿಮ ಪಂದ್ಯ. ಎದುರಾಳಿ ಇಂಡೋನೇಷ್ಯಾದ ಲಿಮ್ ಸ್ವಿ ಕಿಂಗ್, ಹಿಂದಿನ ಎರಡು ವರ್ಷಗಳ ವಿಜೇತ, ಮೇಲಕ್ಕೆ ಹಾರಿ ಹೊಡೆಯುವ ಸ್ಮ್ಯಾಷ್‌ಗೆ ಹೆಸರಾದವರು. ಪ್ರಕಾಶ್ ಆ ವೇಗಕ್ಕೆ ವೇಗದಿಂದ ಉತ್ತರಿಸಲು ಹೋಗಲಿಲ್ಲ. ಆಟದ ಗತಿಯನ್ನು ತಾವೇ ಬದಲಿಸುತ್ತ, ಎದುರಾಳಿಗೆ ಲಯ ಸಿಗದಂತೆ ಮಾಡಿ 15-3, 15-10ರಿಂದ ಗೆದ್ದರು. ಎದುರಾಳಿಯ ಕೀರ್ತಿಗೆ ಬೆದರದೆ ತನ್ನ ಆಟವನ್ನೇ ಆಡುವುದು ಮನೋಬಲದ ಲಕ್ಷಣ. ಮರುವರ್ಷದ ಅಂತಿಮ ಪಂದ್ಯದಲ್ಲಿ ಅದೇ ಕಿಂಗ್ ಅವರನ್ನು ಸೋಲಿಸಿದರೆಂಬುದನ್ನೂ ಮರೆಯಬಾರದು. ಮನಸ್ಸಿನ ತರಬೇತಿ ಗೆಲುವಿನ ಭರವಸೆಯಲ್ಲ. ಕಲಿತದ್ದು ಬೇಕಾದ ಹೊತ್ತಿಗೆ ಕೈಕೊಡದಂತೆ ನೋಡಿಕೊಳ್ಳುವ ಸಿದ್ಧತೆ.

ಮುಂದೆ ಈ ಸಿದ್ಧತೆಗೆ ಪ್ರತ್ಯೇಕ ತರಬೇತುದಾರರೇ ಬಂದರು. 2008ರಲ್ಲಿ ಭಾರತ ಕ್ರಿಕೆಟ್ ತಂಡಕ್ಕೆ ಸೇರಿದ ದಕ್ಷಿಣ ಆಫ್ರಿಕಾದ ಪ್ಯಾಡಿ ಅಪ್ಟನ್, 2011ರ ವಿಶ್ವಕಪ್ ವಿಜಯದವರೆಗೂ ಜೊತೆಗಿದ್ದರು. 2023ರಲ್ಲಿ ಅವರು ಪುರುಷರ ಹಾಕಿ ತಂಡದ ಹೊಣೆ ಹೊತ್ತರು. ಆ ತಂಡ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿತು.

ಹಾಗಾದರೆ ಇದು ದೊಡ್ಡ ತಂಡಗಳಿಗೆ ಮಾತ್ರ ದಕ್ಕುವ ವಿದ್ಯೆಯೇ? ಅಲ್ಲ. ಇದರ ಮೂಲಪಾಠಗಳು ಸರಳ: ನಿಧಾನವಾದ ಉಸಿರಾಟ, ಮಾಡಬೇಕಾದ ಚಲನೆಯನ್ನು ಕಣ್ಮುಚ್ಚಿ ಮನದಲ್ಲಿ ಕಾಣುವುದು, ಪ್ರತಿ ಪ್ರಯತ್ನಕ್ಕೂ ಮುನ್ನ ಒಂದೇ ಕ್ರಮ, ತಪ್ಪಾದರೆ ಮುಂದಿನ ಹೊಡೆತದತ್ತ ಗಮನ. ಮೈಯ ಅಭ್ಯಾಸಕ್ಕೆ ಇವು ಬದಲಿಯಲ್ಲ, ಜೊತೆಗಾರ. ಮಧುಗಿರಿ, ಪಾವಗಡ ಸೀಮೆಯ ಕ್ಯಾತಗಾನಚೆರ್ಲುವಿನಂತಹ ಊರಿನಲ್ಲಿ ಕಬಡ್ಡಿ ಆಡುವ ಹುಡುಗಿ, ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತ ಏಳು ಜನರ ನಡುವೆ ನುಗ್ಗುವಾಗ ಉಸಿರನ್ನೂ ಗಮನವನ್ನೂ ಆಗಲೇ ಪಳಗಿಸುತ್ತಿರುತ್ತಾಳೆ. ಅದನ್ನು ಅರಿತು ದಿನವೂ ಮಾಡಿದರೆ ಮೈದಾನದಲ್ಲಿ ಮಾತ್ರವಲ್ಲ, ಪರೀಕ್ಷೆಯ ಕೊಠಡಿಯಲ್ಲೂ ಅದು ನೆರವಿಗೆ ಬರುತ್ತದೆ.