ಒಂದು ಚೌಕಟ್ಟು, ಎರಡು ಚಿತ್ರ

ಚಿತ್ರಕ್ಕೆ ಕಟ್ಟು ಹಾಕಿಸುವವರ ಉದ್ದೇಶ ಅದನ್ನು ಸ್ಥಿರಗೊಳಿಸುವುದು. ನಾಲ್ಕು ಮರದ ಪಟ್ಟಿಗಳ ನಡುವೆ, ಗಾಜಿನ ಹಿಂದೆ ಒಮ್ಮೆ ಸೇರಿದ ಮೇಲೆ, ಅಜ್ಜನ ಭಾವಚಿತ್ರವಾಗಲಿ ಮನೆದೇವರ ಪಟವಾಗಲಿ, ಗೋಡೆಯ ಮೊಳೆಗೆ ತಗುಲಿಕೊಂಡು ತಲೆಮಾರುಗಳವರೆಗೆ ಒಂದೇ ಮುಖವನ್ನು ತೋರುತ್ತಿರಬೇಕೆಂಬುದು ನಮ್ಮೆಲ್ಲರ ನಿರೀಕ್ಷೆ. ಆದರೆ ಅದೇ ಚೌಕಟ್ಟಿನೊಳಗೆ ಎರಡು ಚಿತ್ರಗಳನ್ನು ಅಡಗಿಸಿ, ನೋಡುವವನು ಒಂದು ಹೆಜ್ಜೆ ಸರಿದರೆ ಇಲ್ಲವೆ ಅಂಚಿನ ಒಂದು ಕಿರುಪಟ್ಟಿಯನ್ನು ಬೆರಳಿನಿಂದ ಎಳೆದರೆ ಮೊದಲನೆಯದು ಮರೆಯಾಗಿ ಎರಡನೆಯದು ಮೈದೋರುವಂತೆ ಮಾಡುವ ಕುಶಲವಿದ್ಯೆಯೊಂದು ಯೂರೋಪಿನಲ್ಲಿ ನಾಲ್ಕು ಶತಮಾನಗಳಿಗೂ ಮಿಕ್ಕ ಕಾಲದಿಂದ ನಡೆದುಬಂದಿದೆ. ಚಲಚ್ಚಿತ್ರದ ಇತಿಹಾಸವನ್ನು ಬರೆಯುವವರು ಈ ವಿದ್ಯೆಯನ್ನು ಸಿನಿಮಾದ ಶೈಶವಕ್ಕೂ ಹಿಂದಿನ ತೊದಲುನುಡಿಯೆಂದು ಎಣಿಸಿ, ಒಂದೆರಡು ವಾಕ್ಯಗಳಲ್ಲಿ ದಾಟಿ ಮುಂದೆ ಹೋಗುತ್ತಾರೆ. ಈ ಎಣಿಕೆ ನ್ಯಾಯವಾದುದಲ್ಲವೆಂದು ನಾನು ನಂಬಿದ್ದೇನೆ. ಸಿನಿಮಾದಲ್ಲಿ ಚಿತ್ರದ ಗತಿ ಯಂತ್ರಕ್ಕೆ ಅಧೀನವಾದುದು. ಪ್ರೇಕ್ಷಕನು ಅದನ್ನು ತಡೆಯಲಾರ, ಹಿಂದಕ್ಕೆ ತಿರುಗಿಸಲಾರ, ಎರಡು ಚಿತ್ರಗಳ ನಡುವಣ ಸಂಧಿಯಲ್ಲಿ ನಿಂತು ನೋಡಲಾರ. ಈ ಹಳೆಯ ಚೌಕಟ್ಟುಗಳಲ್ಲಿಯಾದರೋ ಗತಿಯೆಲ್ಲ ನೋಡುವವನ ಸ್ವಾಧೀನದಲ್ಲಿರುತ್ತದೆ. ಇದು ಬೇರೆಯೇ ಜಾತಿಯ ಸುಖ; ಇನ್ನೊಂದರ ಅಪೂರ್ಣ ರೂಪವಲ್ಲ.

ಫ್ಲಾರೆನ್ಸ್ ನಗರದಲ್ಲಿ ಗೆಲಿಲಿಯೋನ ಹೆಸರಿನಲ್ಲಿರುವ ವಿಜ್ಞಾನ ವಸ್ತುಸಂಗ್ರಹಾಲಯದೊಳಗೆ ಲುಡೊವಿಕೊ ಬುಟಿ ಎಂಬ ಚಿತ್ರಕಾರನು 1593ರಲ್ಲಿ ರಚಿಸಿದ ಒಂದು ಫಲಕವುಂಟು. ಮುಮ್ಮೂಲೆಯ ಮರದ ಪಟ್ಟಿಗಳನ್ನು ಸಾಲಾಗಿ ಒತ್ತಿ ಜೋಡಿಸಿ, ಎಲ್ಲ ಪಟ್ಟಿಗಳ ಒಂದು ಮುಖದ ಮೇಲೆ ಒಂದು ಭಾವಚಿತ್ರವನ್ನೂ ಇನ್ನೊಂದು ಮುಖದ ಮೇಲೆ ಮತ್ತೊಂದು ಭಾವಚಿತ್ರವನ್ನೂ ತುಂಡುತುಂಡಾಗಿ ಬರೆದು, ಅದರ ಜೊತೆಗೆ ಒಂದು ಕನ್ನಡಿಯನ್ನು ಓರೆಯಾಗಿ ನಿಲ್ಲಿಸಿದ್ದಾರೆ. ಫಲಕವನ್ನು ನೇರವಾಗಿ ನೋಡಿದಾಗ ಒಂದು ಮುಖ, ಕನ್ನಡಿಯಲ್ಲಿ ನೋಡಿದಾಗ ಇನ್ನೊಂದು. ಒಬ್ಬನು ಲೊರೇನ್ ಪ್ರಾಂತದ ಡ್ಯೂಕ್ ಮೂರನೆಯ ಚಾರ್ಲ್ಸ್. ಇನ್ನೊಬ್ಬಳು ಅವನ ಮಗಳು, ಟಸ್ಕನಿಯ ಮಹಾಡ್ಯೂಕ್ ಫರ್ಡಿನಾಂಡೋನ ಕೈಹಿಡಿದು ಫ್ಲಾರೆನ್ಸಿನ ಸೊಸೆಯಾಗಿ ಬಂದ ಕ್ರಿಸ್ಟೀನ. ತವರನ್ನು ಬಿಟ್ಟು ದೂರದೇಶಕ್ಕೆ ಬಂದ ಹೆಣ್ಣುಮಗಳೂ ಅವಳ ತಂದೆಯೂ ಒಂದೇ ಚೌಕಟ್ಟಿನಲ್ಲಿದ್ದು, ಒಬ್ಬರು ಕಾಣುವಾಗ ಇನ್ನೊಬ್ಬರು ಕಾಣದಿರುವ ಈ ಏರ್ಪಾಟನ್ನು ಕೇವಲ ದೃಷ್ಟಿಚಮತ್ಕಾರವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಧರ್ಮಗ್ರಂಥದ ಮಾತಿಗೂ ಪ್ರಕೃತಿಯಲ್ಲಿ ಕಂಡ ಸತ್ಯಕ್ಕೂ ವಿರೋಧವಿರಲಾರದೆಂದು ವಾದಿಸಿ 1615ರಲ್ಲಿ ಗೆಲಿಲಿಯೋ ಬರೆದ ಪ್ರಸಿದ್ಧ ಪತ್ರ ಇದೇ ಕ್ರಿಸ್ಟೀನಳನ್ನು ಉದ್ದೇಶಿಸಿದುದು.

ಮುಂದಿನ ಶತಮಾನದಲ್ಲಿ ಈ ಬಗೆಯ ಪಟ್ಟಿಚಿತ್ರಗಳು ಯೂರೋಪಿನ ಅರಮನೆಗಳಲ್ಲಿ ಅಲ್ಲಲ್ಲಿ ಕಾಣಿಸಿಕೊಂಡುವು. ಡೆನ್ಮಾರ್ಕಿನ ರಾಜಮನೆತನದವರ ಜೋಡಿಚಿತ್ರವೊಂದನ್ನು ಬ್ವಾ-ಕ್ಲೇರ್ ಎಂಬ ಚಿತ್ರಕಾರನು 1692ರಲ್ಲಿ ಹೀಗೆಯೇ ಬರೆದನು. ಇಂಥ ಲಂಬವಾದ ಪಟ್ಟಿಗಳ ಮುಂದೆ ಎಡದಿಂದ ಬಲಕ್ಕೆ ನಡೆದುಹೋಗುವವನ ಕಣ್ಣೆದುರಿನಲ್ಲಿ ಒಂದು ಮುಖ ಕರಗಿ ಇನ್ನೊಂದು ಮೂಡುತ್ತದೆ. ಸರಿಯಾಗಿ ನಡುವೆ ನಿಂತರೆ ಎರಡೂ ಮುಖಗಳು ಎಳೆ ಎಳೆಯಾಗಿ ಬೆರೆತು ಯಾರದೂ ಅಲ್ಲದ ಒಂದು ಮುಖ ನಮ್ಮನ್ನು ನೋಡುತ್ತಿರುತ್ತದೆ. ಚಿತ್ರ ಅಚಲವಾದುದು, ಚಲಿಸಬೇಕಾದವನು ನೋಡುಗ. ಇದು ಈ ಕಥೆಯ ಮೊದಲ ಘಟ್ಟ.

ಎರಡನೆಯ ಘಟ್ಟಕ್ಕೆ ಬೆಳಕು ಕಾರಣವಾಯಿತು. ದಾಗೆರ್ ಎಂಬ ಫ್ರೆಂಚ್ ಚಿತ್ರಕಾರನು, ಮುಂದೆ ಛಾಯಾಚಿತ್ರದ ಜನಕರಲ್ಲೊಬ್ಬನೆಂದು ಹೆಸರಾಗುವ ಮುನ್ನವೇ, 1822ರಲ್ಲಿ ಪ್ಯಾರಿಸ್ಸಿನಲ್ಲಿ ಡಯೊರಾಮ ಎಂಬ ಪ್ರದರ್ಶನಶಾಲೆಯನ್ನು ತೆರೆದು, ಅರೆಪಾರದರ್ಶಕವಾದ ಬೃಹತ್ಪಟಗಳ ಹಿಂದು ಮುಂದಿನ ಬೆಳಕನ್ನು ಏರಿಳಿಸಿ ಹಗಲನ್ನು ಇರುಳಾಗಿಸಿದನು. ಲಂಡನ್ನಿನಲ್ಲಿ ಹೆನ್ರಿ ಲ್ಯಾಂಗ್ಡನ್ ಚೈಲ್ಡ್ ಎಂಬಾತನು ಎರಡು ಮ್ಯಾಜಿಕ್ ಲ್ಯಾಂಟರ್ನುಗಳನ್ನು ಒಂದೇ ಪರದೆಯ ಕಡೆಗೆ ತಿರುಗಿಸಿ, ಒಂದರ ಬೆಳಕನ್ನು ಕುಗ್ಗಿಸುತ್ತ ಇನ್ನೊಂದರದನ್ನು ಹಿಗ್ಗಿಸುತ್ತ, ಬೇಸಗೆಯ ಹಸುರಿನಲ್ಲಿ ನಿಂತಿದ್ದ ನೀರುಗಿರಣಿಯ ಮೇಲೆ ಜನ ನೋಡನೋಡುತ್ತಿದ್ದಂತೆಯೇ ಹಿಮ ಸುರಿಯುವಂತೆ ಮಾಡುವ ಕರಗುಚಿತ್ರಗಳನ್ನು ರೂಢಿಗೆ ತಂದನು. 1838ರಲ್ಲಿ ರೀಜೆಂಟ್ ಬೀದಿಯಲ್ಲಿ ತೆರೆದ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಇವುಗಳನ್ನು ನೋಡಲು ಜನ ತಂಡತಂಡವಾಗಿ ಬಂದರು. ಆದರೆ ಶಾಲೆಯೂ ದೀಪವೂ ಟಿಕೆಟ್ಟೂ ಬೇಕಾಗುವ ಈ ವೈಭವ ಮನೆಯ ಮಕ್ಕಳ ಕೈಗೆ ಎಟುಕುವಂಥದಲ್ಲ. ಅದನ್ನು ಎಟುಕಿಸಿದವರು ಪುಸ್ತಕ ಮಾರುವವರು.

1860ರ ದಶಕದಲ್ಲಿ ಲಂಡನ್ನಿನ ಡೀನ್ ಅಂಡ್ ಸನ್ ಎಂಬ ಪ್ರಕಾಶನದವರು ಲ್ಯಾಂಟರ್ನಿನ ಕರಗುಚಿತ್ರಗಳ ಹೆಸರನ್ನೇ ಎರವಲು ಪಡೆದು, ಕಾಗದದ ಪಟ್ಟಿಗಳು ಒಂದರ ಮೇಲೊಂದು ಜಾರಿ ಚಿತ್ರವನ್ನು ಬದಲಿಸುವ ಮಕ್ಕಳ ಪುಸ್ತಕಗಳನ್ನು ಹೊರತಂದರು. ಅದೇ ತಂತ್ರವನ್ನು ಪರಾಕಾಷ್ಠೆಗೆ ಒಯ್ದವನು ಜರ್ಮನಿಯ ನ್ಯೂರೆಂಬರ್ಗ್ ನಗರದ ಎರ್ನೆಸ್ಟ್ ನಿಸ್ಟರ್. 1877ರಲ್ಲಿ ಒಂದು ಸಣ್ಣ ಕಲ್ಲಚ್ಚಿನ ಮುದ್ರಣಾಲಯವನ್ನು ಕೊಂಡು ಉದ್ಯಮವನ್ನು ಆರಂಭಿಸಿದ ಈತನು ಮುಂದಿನ ದಶಕದಲ್ಲಿ ಲಂಡನ್ನಿನಲ್ಲಿಯೂ ಕಚೇರಿ ತೆರೆದು, ನ್ಯೂಯಾರ್ಕಿನ ಡಟನ್ ಸಂಸ್ಥೆಯ ಮೂಲಕ ಅಮೆರಿಕದ ಮಕ್ಕಳನ್ನೂ ತಲುಪಿದನು.

ಆ ಪುಟಗಳ ಒಳರಚನೆಯನ್ನು ಸ್ವಲ್ಪ ಸಾವಧಾನದಿಂದ ನೋಡಬೇಕು. ಹೊರಗೆ ಬಣ್ಣದ ಚೌಕಟ್ಟು, ಅದರ ನಡುವೆ ಕತ್ತರಿಸಿ ತೆರೆದ ಕಿಂಡಿ, ಕಿಂಡಿಯಲ್ಲೊಂದು ಚಿತ್ರ. ಮೊದಲ ನೋಟಕ್ಕೆ ಅದು ಅಖಂಡವಾಗಿಯೇ ಕಾಣುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಅಡ್ಡಡ್ಡಲಾಗಿ ಸಮಾನ ಅಂತರದಲ್ಲಿ ಹಾಯ್ದ ಕೂದಲೆಳೆಯಂಥ ಗೆರೆಗಳು ಗೋಚರಿಸುತ್ತವೆ. ಅವು ಗೆರೆಗಳಲ್ಲ, ಸೀಳುಗಳು. ಮೊದಲ ಚಿತ್ರದ ಹಾಳೆಯನ್ನೂ ಎರಡನೆಯ ಚಿತ್ರದ ಹಾಳೆಯನ್ನೂ ಒಂದೇ ಅಳತೆಯ ಪಟ್ಟಿಗಳಾಗಿ ಸೀಳಿ, ಆದರೆ ಪಟ್ಟಿಗಳು ಪೂರ್ತಿ ಬೇರೆಯಾಗದಂತೆ ಬದಿಯಲ್ಲಿ ಬಂಧವನ್ನುಳಿಸಿ, ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಒಂದು ಹಾಳೆಯನ್ನು ಇನ್ನೊಂದರೊಳಕ್ಕೆ ಪೋಣಿಸಿರುತ್ತಾರೆ. ಎರಡನೆಯ ಚಿತ್ರದ ಪ್ರತಿಯೊಂದು ಪಟ್ಟಿಯೂ ಮೊದಲನೆಯದರ ಒಂದೊಂದು ಪಟ್ಟಿಯ ಕೆಳಗೆ ಅಡಗಿರುತ್ತದೆ. ಚೌಕಟ್ಟಿನ ಅಂಚಿನಿಂದ ಹೊರಚಾಚಿದ ನಾಲಿಗೆಯನ್ನು ಎಳೆದಾಗ ಅಡಗಿದ್ದ ಪಟ್ಟಿಗಳೆಲ್ಲವೂ ಏಕಕಾಲದಲ್ಲಿ ತಮ್ಮ ತಮ್ಮ ಸೀಳಿನಿಂದ ಹೊರಕ್ಕೆ ಜಾರಿ, ತಮ್ಮ ಪಕ್ಕದ ಪಟ್ಟಿಯನ್ನು ಮುಚ್ಚಿಬಿಡುತ್ತವೆ.

ಈ ಏರ್ಪಾಟಿನ ಜಾಣ್ಮೆ ಅಳತೆಯಲ್ಲಿದೆ. ಒಂದು ಚಿತ್ರವನ್ನು ಇಡಿಯಾಗಿ ಸರಿಸಿ ಇನ್ನೊಂದನ್ನು ತರಬೇಕಾದರೆ ಸರಿದ ಚಿತ್ರ ಅಡಗಲು ಅಷ್ಟೇ ವಿಸ್ತಾರದ ಇನ್ನೊಂದು ಸ್ಥಳ ಬೇಕು. ಪುಸ್ತಕದ ಪುಟದಲ್ಲಿ ಅದು ಎಲ್ಲಿಯದು? ಹತ್ತು ಸೆಂಟಿಮೀಟರ್ ಎತ್ತರದ ಚಿತ್ರವನ್ನು ಐದು ಪಟ್ಟಿಗಳಾಗಿ ಸೀಳಿದರೆ, ಇಡೀ ಚಿತ್ರ ಬದಲಾಗಲು ಪಟ್ಟಿಗಳು ಜಾರಬೇಕಾದ ದೂರ ಎರಡೇ ಸೆಂಟಿಮೀಟರ್. ಹೆಬ್ಬೆರಳಿನ ಒಂದು ಸಣ್ಣ ಚಲನೆಯಿಂದ ಋತು ಬದಲಾಗುತ್ತದೆ, ಮಲಗಿದ್ದ ಮಗು ಎದ್ದು ಕುಳಿತುಕೊಳ್ಳುತ್ತದೆ. ನಿಸ್ಟರನು ಇದೇ ತತ್ತ್ವವನ್ನು ವೃತ್ತಾಕಾರದ ಚಿತ್ರಗಳಿಗೂ ಅನ್ವಯಿಸಿದನು: ಅಲ್ಲಿ ಪಟ್ಟಿಗಳ ಬದಲು ತ್ರಿಕೋಣಾಕಾರದ ಹೋಳುಗಳು, ಒಂದು ರಿಬ್ಬನ್ನನ್ನು ಎಳೆದರೆ ಹೋಳುಗಳು ಸುತ್ತಲೂ ತಿರುಗಿ ಒಂದರಡಿಯಲ್ಲೊಂದು ಸೇರುತ್ತವೆ.

ಇಂಥದೊಂದು ಪುಟವನ್ನು ಕೈಯಲ್ಲಿ ಹಿಡಿದವರಿಗೆ ಒಂದು ಸಂಗತಿ ತಪ್ಪದೆ ಅನುಭವಕ್ಕೆ ಬರುತ್ತದೆ. ನಾಲಿಗೆಯನ್ನು ಕೊನೆಯವರೆಗೆ ಎಳೆದು ಎರಡನೆಯ ಚಿತ್ರವನ್ನು ಕಂಡ ಕೂಡಲೇ ಕುತೂಹಲ ತಣಿಯುವುದಿಲ್ಲ. ಬೆರಳು ತಾನಾಗಿ ಹಿಂದಕ್ಕೆ ಮರಳಿ, ಈ ಸಲ ಅರ್ಧದಲ್ಲಿಯೇ ನಿಲ್ಲುತ್ತದೆ. ಒಂದು ಪಟ್ಟಿಯಲ್ಲಿ ಹಿಮ, ಮರುಪಟ್ಟಿಯಲ್ಲಿ ಚಿಗುರು. ನಗುವ ತುಟಿಯ ಮೇಲೆ ನಿದ್ರಿಸುವ ಕಣ್ಣು. ಚಿತ್ರಕಾರನು ಬರೆಯದಿದ್ದ ಈ ಮೂರನೆಯ ಚಿತ್ರವನ್ನು ಮಗು ತಾನೇ ಸೃಷ್ಟಿಸಿಕೊಳ್ಳುತ್ತದೆ, ತನಗೆ ಬೇಕಾದಷ್ಟು ಹೊತ್ತು ನಿಲ್ಲಿಸಿಕೊಳ್ಳುತ್ತದೆ. ಅರಮನೆಯ ಪಟ್ಟಿಚಿತ್ರದ ಮುಂದೆ ನಡುವೆ ನಿಂತ ಅತಿಥಿಗೆ ದೊರೆಯುತ್ತಿದ್ದುದೂ ಇದೇ. ಈ ಕಲೆಯ ಜೀವಾಳ ಎರಡು ಚಿತ್ರಗಳಲ್ಲಿ ಯಾವುದರಲ್ಲಿಯೂ ಇಲ್ಲ, ಅವುಗಳ ಸಂಧಿಯಲ್ಲಿದೆ ಎಂದು ನಾನು ಹೇಳುವುದು ಈ ಕಾರಣದಿಂದ.

ಬಣ್ಣದ ಸೊಗಸು ಕಲ್ಲಚ್ಚಿನಿಂದ ಬಂದುದು. ಬವೇರಿಯಾದಲ್ಲಿ ಅಲೋಯಿಸ್ ಸೆನೆಫೆಲ್ಡರನು 18ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕಂಡುಹಿಡಿದ ಈ ಮುದ್ರಣದಲ್ಲಿ, ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದ ಚಿತ್ರ ಮಾತ್ರ ಬಣ್ಣವನ್ನು ಹಿಡಿಯುತ್ತದೆ, ಒದ್ದೆಯಾದ ಉಳಿದ ಭಾಗ ಅದನ್ನು ಒಲ್ಲೆನ್ನುತ್ತದೆ. ಜಗತ್ತಿನ ಮುದ್ರಕರೆಲ್ಲ ಮೆಚ್ಚಿದ ಕಲ್ಲು ಅದೇ ಪ್ರಾಂತದ ಸೋಲ್ನ್‌ಹೋಫೆನ್ ಗಣಿಗಳದು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು; ಮಗುವಿನ ಕೆನ್ನೆಯ ಕೆಂಪಿಗೂ ತುಟಿಯ ಕೆಂಪಿಗೂ ಬೇರೆ ಬೇರೆ ಕಲ್ಲುಗಳೆಂದರೆ ಒಂದು ಹಾಳೆ ಎಷ್ಟು ಬಾರಿ ಅಚ್ಚಿನ ಕೆಳಗೆ ಹೋಗಿ ಬರಬೇಕಾಗಿತ್ತೆಂಬುದನ್ನು ಓದುಗರು ಊಹಿಸಬಹುದು. ಸಾಧಾರಣ ಚಿತ್ರದಲ್ಲಿ ಒಂದು ಬಣ್ಣ ಕೂದಲಷ್ಟು ಸರಿದರೆ ಅಂಚು ಮಸುಕಾಗುವುದು, ಅಷ್ಟೆ. ಪಟ್ಟಿಚಿತ್ರದಲ್ಲಿಯಾದರೆ ಸೀಳಿನ ಗೆರೆಗೂ ಚಿತ್ರಕ್ಕೂ ಹೊಂದಿಕೆ ತಪ್ಪಿ ಮೂಗು ಒಂದೆಡೆ, ಬಾಯಿ ಒಂದೆಡೆಯಾಗಿಬಿಡುವುದು.

ಅದೇ ಬವೇರಿಯಾದ ಮ್ಯೂನಿಕ್ಕಿನಲ್ಲಿದ್ದ ಲೋಥರ್ ಮೆಗೆಂಡಾರ್ಫರನ ದಾರಿ ಬೇರೆ. 1847ರಲ್ಲಿ ಹುಟ್ಟಿದ ಈ ಹಾಸ್ಯಚಿತ್ರಕಾರನು 1878ರ ಕ್ರಿಸ್‌ಮಸ್ಸಿಗೆ ತನ್ನ ಮಗನಿಗೆ ಕೊಡಲೆಂದು ಒಂದು ಚಲಿಸುವ ಪುಸ್ತಕವನ್ನು ರಚಿಸಿದನು. ಅಲ್ಲಿಂದ ಮುಂದೆ ಅದೇ ಅವನ ಕಸುಬಾಯಿತು. ಅವನ ಪುಟಗಳಲ್ಲಿ ಚಿತ್ರ ಬದಲಾಗುವುದಿಲ್ಲ, ಚಿತ್ರದೊಳಗಿನ ಅಂಗಾಂಗಗಳು ಆಡುತ್ತವೆ. ಒಂದೇ ನಾಲಿಗೆಯನ್ನು ಎಳೆದರೆ ಕೈ ಎದ್ದು ಕಣ್ಣು ಹೊರಳಿ ತುಟಿ ತೆರೆಯುವಂತೆ, ಸಪೂರವಾದ ತಾಮ್ರದ ತಂತಿಯನ್ನು ಸುರುಳಿ ಸುತ್ತಿ ಮಾಡಿದ ಕೀಲುಗಳನ್ನು ರಟ್ಟಿನ ಸನ್ನೆಗಳಿಗೆ ಹಾಕಿ, ಎರಡು ಹಾಳೆಗಳ ನಡುವೆ ಮರೆಸಿಡುತ್ತಿದ್ದನು. ನಿಸ್ಟರನ ಮುದ್ದುಮಕ್ಕಳ ಲೋಕಕ್ಕಿಂತ ಈತನ ವಿನೋದ ನನಗೆ ಹೆಚ್ಚು ಪ್ರಿಯ. ಆದರೆ ಮಾರ್ಪಾಡಿನ ವಿಸ್ಮಯದಲ್ಲಿ ನಿಸ್ಟರನ ಪಟ್ಟಿಗಳೇ ಮೇಲು.

ಇಬ್ಬರಿಗೂ ಸಮಾನವಾದುದು ಕೈಗೆಲಸ. ಮುದ್ರಣವನ್ನು ಯಂತ್ರ ಮಾಡುತ್ತಿದ್ದಿತು. ಪಟ್ಟಿಗಳನ್ನು ಒಂದರೊಳಗೊಂದು ಪೋಣಿಸುವ, ನಾಲಿಗೆಗೆ ಅಂಟು ಹಚ್ಚುವ, ಅಂಟು ಒಂದಿಷ್ಟು ಹೊರಸೂಸಿ ಸೀಳನ್ನು ಮುಚ್ಚದಂತೆ ನೋಡಿಕೊಳ್ಳುವ ಕೆಲಸವನ್ನು ಮಾಡಬಲ್ಲ ಯಂತ್ರವಿರಲಿಲ್ಲ. ಚಿತ್ರಕಾರನ ಹೆಸರು ಕೆಲವೊಮ್ಮೆ, ಪ್ರಕಾಶಕನ ಹೆಸರು ಯಾವಾಗಲೂ ಮುಖಪುಟದಲ್ಲಿ ಬಂದಿತು; ಬೆರಳಂಚಿನಿಂದ ಪಟ್ಟಿ ಪೋಣಿಸಿದವರ ಹೆಸರು ಎಲ್ಲಿಯೂ ಬರಲಿಲ್ಲ. 1914ರ ಮಹಾಯುದ್ಧವು ಜರ್ಮನಿಗೂ ಇಂಗ್ಲೆಂಡಿಗೂ ನಡುವಣ ವ್ಯಾಪಾರವನ್ನು ಕಡಿದುಹಾಕಿದಾಗ ಈ ಪುಸ್ತಕಗಳ ಸುವರ್ಣಯುಗವೂ ಮುಗಿಯಿತು.

ಜರ್ಮನರ ಇದೇ ಬಣ್ಣದ ಕಲ್ಲಚ್ಚು ನಮ್ಮ ದೇಶಕ್ಕೆ ಬಂದಾಗ ಇನ್ನೊಂದು ಹಾದಿ ಹಿಡಿಯಿತು. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯಕ್ಕೆ ಯಂತ್ರಗಳೂ ತಜ್ಞರೂ ಜರ್ಮನಿಯಿಂದ ಬಂದರು. ಕೆಲವು ವರ್ಷಗಳ ಅನಂತರ ಅದನ್ನು ಕೊಂಡವನೂ ಫ್ರಿಟ್ಸ್ ಶ್ಲೈಖರ್ ಎಂಬ ಜರ್ಮನನೇ. ಅಲ್ಲಿಂದ ಹೊರಟ ಲಕ್ಷ್ಮಿ ಸರಸ್ವತಿಯರ ಪಟಗಳು ಕನ್ನಡನಾಡಿನ ಮನೆಗಳಿಗೂ ಬಂದುವು. ದೇವಿಯ ಸೀರೆಯಂಚಿಗೆ ಜರಿಯನ್ನೂ ಮಿಣುಕನ್ನೂ ಅಂಟಿಸಿ ಕಟ್ಟು ಹಾಕಿಸಿ ದೇವರ ಗೂಡಿನಲ್ಲಿ ಇರಿಸಿದರು. ನಿತ್ಯ ಕುಂಕುಮವಿಟ್ಟು ಹೂ ಮುಡಿಸುವ ಪಟ ಬದಲಾಗುವುದನ್ನು ಯಾರೂ ಬಯಸಲಿಲ್ಲ. ಆದರೂ ಪಟ್ಟಿಗಳನ್ನು ನಿಲುವಾಗಿ ಜೋಡಿಸಿ, ಎಡದಿಂದ ಒಬ್ಬ ದೇವರನ್ನೂ ಬಲದಿಂದ ಇನ್ನೊಬ್ಬ ದೇವರನ್ನೂ ಎದುರಿನಿಂದ ಮೂರನೆಯವರನ್ನೂ ತೋರುವ ಪಟಗಳನ್ನು ದಕ್ಷಿಣದ ಕೆಲವು ಹಳೆಯ ಮನೆಗಳಲ್ಲಿ ಈಗಲೂ ಕಾಣಬಹುದು. ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿದು ಕೈಮುಗಿಯುವುದು ಪ್ರದಕ್ಷಿಣೆ ಹಾಕುವವರಿಗೆ ಹೊಸದೇನೂ ಅಲ್ಲ.

20ನೆಯ ಶತಮಾನದ ಸಂಗತಿಗಳನ್ನು ನಾನು ಬೇಗ ದಾಟುತ್ತೇನೆ. ಪಟ್ಟಿ ಕಿರಿದಾಗುತ್ತ ಹೋಗಿ ಗೆರೆಯಾಯಿತು: ಸಣ್ಣ ಕಪ್ಪುಗೆರೆಗಳ ಪಾರದರ್ಶಕ ಹಾಳೆಯನ್ನು ಚಿತ್ರದ ಮೇಲೆ ಜಾರಿಸಿದರೆ ಕುದುರೆ ಓಡುವಂತೆ ತೋರುವ ಕಾರ್ಡುಗಳು ಬಂದುವು. ಅಮೆರಿಕದ ಫ್ರೆಡರಿಕ್ ಐವ್ಸನು 1903ರಲ್ಲಿ ಅಂಥ ಗೆರೆಗಳ ಜಾಲರಿಯನ್ನೇ ಛಾಯಾಚಿತ್ರದ ಮುಂದೆ ನಿಲ್ಲಿಸಿ ಎರಡು ಕಣ್ಣಿಗೆ ಎರಡು ಚಿತ್ರ ತೋರಿಸಿದನು. ಮುಂದೆ ಗೆರೆಗಳ ಸ್ಥಾನದಲ್ಲಿ ಪ್ಲಾಸ್ಟಿಕ್ಕಿನ ನುಣ್ಣನೆಯ ಏಣುಗಳು ಬಂದು, ಓರೆ ಮಾಡಿದರೆ ಕಣ್ಣು ಮಿಟುಕಿಸುವ ಅಗ್ಗದ ಚಿತ್ರಗಳು ಜಾತ್ರೆಯ ಅಂಗಡಿಗಳವರೆಗೂ ಇಳಿದುವು. ಬುಟಿಯ ಮುಮ್ಮೂಲೆ ಪಟ್ಟಿಗಳು ಮೋಟಾರಿನ ಬಲದಿಂದ ಸರಕ್ಕನೆ ತಿರುಗುವ ಜಾಹೀರಾತಿನ ಫಲಕಗಳಾಗಿ ಪಟ್ಟಣಗಳ ಚೌಕಗಳಲ್ಲಿ ನಿಂತುವು. ಅಲ್ಲಿ ಬದಲಾವಣೆಯ ಸಮಯವನ್ನು ಜಾಹೀರಾತುದಾರ ನಿಶ್ಚಯಿಸುತ್ತಾನೆ. ನೋಡುವವನ ಹೆಜ್ಜೆಗೂ ಬೆರಳಿಗೂ ಅಲ್ಲಿ ಕೆಲಸವಿಲ್ಲ.

ಮೂಲ ಪುಸ್ತಕಗಳಲ್ಲಿ ಅಕ್ಷತವಾಗಿ ಉಳಿದವು ಕಡಮೆ. ಅವಸರದಲ್ಲಿ ಎಳೆದಾಗ ಒಂದು ಪಟ್ಟಿ ತನ್ನ ಸೀಳು ತಪ್ಪಿ ಮೇಲಕ್ಕೆ ಬಂದರೆ ಮರುಸಲ ಅದು ಮಡಚಿ ಹರಿಯುತ್ತದೆ. ತೇವಕ್ಕೆ ಕಾಗದ ಹಿಗ್ಗಿದರೆ ನಾಲಿಗೆ ಬಿಗಿದು ಕಿತ್ತುಬರುತ್ತದೆ. ಸಂಗ್ರಾಹಕರು ಯಾರೂ ಮುಟ್ಟದ ಪ್ರತಿಗಳಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಹರಿದ ಪಟ್ಟಿಗೆ ಹಿಂದಿನಿಂದ ತೆಳುಗಾಗದ ಅಂಟಿಸಿದ ಪ್ರತಿಗಳನ್ನೇ ನಾನು ಹೆಚ್ಚು ಆದರದಿಂದ ನೋಡುತ್ತೇನೆ. ಅವು ತಮ್ಮ ಕೆಲಸ ಮಾಡಿದ ಪುಸ್ತಕಗಳು. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ನಿಸ್ಟರ್ ಮತ್ತು ಮೆಗೆಂಡಾರ್ಫರರ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಿಸಲು ಪ್ರಕಾಶಕರು ಹೊರಟಾಗ, ಬಣ್ಣ ಬಣ್ಣಕ್ಕೂ ಒಂದು ಕಲ್ಲಿನ ಮೇಲೆ ಚಿತ್ರ ಬರೆಯುವ ಕಷ್ಟ ಅವರಿಗಿರಲಿಲ್ಲ. ಛಾಯಾಯಂತ್ರವೂ ಆಫ್‌ಸೆಟ್ ಮುದ್ರಣವೂ ಅದನ್ನು ನಿವಾರಿಸಿದ್ದುವು. ಪೋಣಿಸುವ ಕೆಲಸಕ್ಕೆ ಮಾತ್ರ ಆಗಲೂ ಯಂತ್ರ ದೊರೆಯಲಿಲ್ಲ. ಚಲಿಸುವ ಪುಸ್ತಕಗಳ ಹಾಳೆಗಳು ಆ ಕಾಲದಲ್ಲಿ ಬಹುಮಟ್ಟಿಗೆ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಂಥ ಕಡೆಗಳಿಗೆ ಹೋದುವು. ಅಲ್ಲಿನ ಕೆಲಸಗಾರರು ಉದ್ದನೆಯ ಮೇಜುಗಳ ಎರಡೂ ಬದಿಗೆ ಕುಳಿತು, ನ್ಯೂರೆಂಬರ್ಗಿನ ಹೆಸರರಿಯದ ಕೈಗಳು ಹಿಂದೊಮ್ಮೆ ಮಾಡಿದ ಹಾಗೆಯೇ, ಒಂದೊಂದು ಪಟ್ಟಿಯನ್ನೂ ಬೆರಳಿನಿಂದ ಅದರದರ ಸೀಳಿಗೆ ಸೇರಿಸಿ ಅಂಟು ಹಚ್ಚಿದರು.