ಚಿಕ್ಕ ಕಾಲೇಜಿನ ದೊಡ್ಡ ವ್ಯಾಜ್ಯ

ಕಲಾ ವಿಭಾಗದ ಓದಿನಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಹೊಸದಲ್ಲ. ಚಿಕ್ಕ ಊರಿನ ಚಿಕ್ಕ ಕಾಲೇಜಿನಲ್ಲಿ ಇತಿಹಾಸವನ್ನೋ ತರ್ಕವನ್ನೋ ಹಳೆಯ ಕಾವ್ಯವನ್ನೋ ಓದುವ ಹುಡುಗನನ್ನು ಕಂಡು, ‘ಇದರಿಂದ ಹೊಟ್ಟೆ ತುಂಬೀತೆ?’ ಎಂದು ಕೇಳುವ ಹಿರಿಯರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಕೇಳುವುದು ತಪ್ಪಲ್ಲ, ಸಾಲ ಮಾಡಿ ಓದಿಸುವವರಿಗೆ ಆ ಹಕ್ಕಿದೆ. ಆದರೆ ಉತ್ತರವನ್ನು ಉಪದೇಶದಲ್ಲಿ ಹುಡುಕುವುದಕ್ಕಿಂತ ಚರಿತ್ರೆಯಲ್ಲಿ ಹುಡುಕುವುದು ಲೇಸೆಂದು ನನ್ನ ಭಾವನೆ. ಅದಕ್ಕಾಗಿ ಇನ್ನೂರು ವರ್ಷಗಳಿಗೂ ಹಿಂದೆ ಅಮೆರಿಕದಲ್ಲಿ ನಡೆದ ಒಂದು ವ್ಯಾಜ್ಯವನ್ನು ಓದುಗರ ಮುಂದಿಡುತ್ತೇನೆ.

ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿ, ಕನೆಕ್ಟಿಕಟ್ ನದಿಯ ದಂಡೆಯ ಮೇಲೆ, ಹ್ಯಾನೋವರ್ ಎಂಬ ಊರಿದೆ. ಅಲ್ಲಿಯ ಡಾರ್ಟ್‌ಮತ್ ಕಾಲೇಜಿಗೆ 1769ರಲ್ಲಿ ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಯ ಹೆಸರಿನಲ್ಲಿ ಸನ್ನದು ದೊರೆಯಿತು. ಸ್ಥಾಪಕ ಎಲಿಯಾಜರ್ ವೀಲಾಕ್ ಒಬ್ಬ ಪಾದ್ರಿ. ಸನ್ನದಿನ ಪ್ರಕಾರ ಹನ್ನೆರಡು ಮಂದಿ ಧರ್ಮದರ್ಶಿಗಳು. ಒಬ್ಬರ ಸ್ಥಾನ ತೆರವಾದರೆ ಉಳಿದವರೇ ಸೇರಿ ಇನ್ನೊಬ್ಬರನ್ನು ಆರಿಸಿಕೊಳ್ಳಬೇಕು. ಕಲಿಸುತ್ತಿದ್ದುದು ಲ್ಯಾಟಿನ್, ಗ್ರೀಕ್, ಗಣಿತ, ವಾಕ್ಕಲೆ, ನೀತಿಶಾಸ್ತ್ರ ಇವುಗಳನ್ನು. ಇದರಲ್ಲಿ ಒಂದಾದರೂ ಹೊಲ ಉಳುವುದಕ್ಕೆ ನೇರವಾಗಿ ಒದಗುವ ವಿದ್ಯೆಯಲ್ಲ. ಬಂದು ಓದುತ್ತಿದ್ದವರಲ್ಲಿ ಒಕ್ಕಲು ಮಕ್ಕಳೂ ಇದ್ದರು ಎಂಬುದನ್ನು ಮರೆಯಬಾರದು.

1779ರಲ್ಲಿ ವೀಲಾಕ್ ತೀರಿಕೊಂಡ ಮೇಲೆ ಮಗ ಜಾನ್ ವೀಲಾಕ್ ಅಧ್ಯಕ್ಷನಾದ. ಅಪ್ಪನ ಮನೆತನದ ಆಸ್ತಿಯಂತೆ ಕಾಲೇಜನ್ನು ನಡೆಸಿದ ಅವನಿಗೂ ಧರ್ಮದರ್ಶಿಗಳಿಗೂ ವರ್ಷಗಟ್ಟಲೆ ಜಗಳ ನಡೆದು, 1815ರಲ್ಲಿ ಅವರು ಅವನನ್ನು ತೆಗೆದುಹಾಕಿದರು; ಫ್ರಾನ್ಸಿಸ್ ಬ್ರೌನ್ ಎಂಬ ತರುಣ ಪಾದ್ರಿಯನ್ನು ಆ ಸ್ಥಾನಕ್ಕೆ ತಂದರು. ಊರ ಜಗಳಕ್ಕೆ ರಾಜಕೀಯ ಸೇರಿಕೊಂಡರೆ ಏನಾಗುವುದೆಂದು ನಮಗೆ ಹೇಳಿಕೊಡಬೇಕಾಗಿಲ್ಲ. ಗವರ್ನರ್ ವಿಲಿಯಂ ಪ್ಲೂಮರ್ ಜೆಫರ್ಸನ್ನರ ಪಕ್ಷದವನು. ಧರ್ಮದರ್ಶಿಗಳಲ್ಲಿ ಹೆಚ್ಚಿನವರು ಎದುರು ಪಕ್ಷದವರು. 1816ರಲ್ಲಿ ಶಾಸನಸಭೆ ಸನ್ನದನ್ನೇ ತಿದ್ದಿತು. ಧರ್ಮದರ್ಶಿಗಳ ಸಂಖ್ಯೆ ಇಪ್ಪತ್ತೊಂದಕ್ಕೆ ಏರಿತು. ಅವರ ಮೇಲೆ ಇಪ್ಪತ್ತೈದು ಮಂದಿಯ ಮೇಲ್ವಿಚಾರಕ ಮಂಡಲಿ ಬಂತು. ಕಾಲೇಜಿನ ಹೆಸರು ‘ವಿಶ್ವವಿದ್ಯಾನಿಲಯ’ ಎಂದಾಯಿತು.

ಪ್ಲೂಮರನ ವಾದವನ್ನು ತಳ್ಳಿಹಾಕುವಂತಿಲ್ಲ. ದೊರೆಯೊಬ್ಬ ಕೊಟ್ಟ ಸನ್ನದು, ತಮ್ಮನ್ನು ತಾವೇ ಆರಿಸಿಕೊಳ್ಳುವ ಹನ್ನೆರಡು ಮಂದಿಯ ಕೂಟ, ಇದು ಪ್ರಜಾಪ್ರಭುತ್ವಕ್ಕೆ ಒಪ್ಪುವುದೆ ಎಂದು ಆತ ಕೇಳಿದ. ಜೆಫರ್ಸನ್ ಸಹ ಪತ್ರ ಬರೆದು ಅವನನ್ನು ಸಮರ್ಥಿಸಿದ. ಆದರೆ ಇಂದು ಈ ಪಕ್ಷದ ಸಭೆ, ನಾಳೆ ಆ ಪಕ್ಷದ ಸಭೆ. ಗೆದ್ದವರೆಲ್ಲ ಕಾಲೇಜಿನ ಸನ್ನದನ್ನು ತಿದ್ದುತ್ತ ಹೋದರೆ ಅಲ್ಲಿ ಪಾಠ ಹೇಳುವವನು ಯಾರ ಮುಖ ನೋಡಿ ಹೇಳಬೇಕು? ಪ್ರಶ್ನೆಯ ತಿರುಳು ಇದು.

1817ರಲ್ಲಿ ಹೊಸ ವಿಶ್ವವಿದ್ಯಾನಿಲಯದವರು ಕಟ್ಟಡಗಳನ್ನು ವಶಪಡಿಸಿಕೊಂಡರು. ಸನ್ನದು, ಮೊಹರು, ಲೆಕ್ಕದ ಪುಸ್ತಕಗಳು ಖಜಾಂಚಿ ವುಡ್‌ವರ್ಡನ ಕೈಯಲ್ಲಿದ್ದವು. ಅವನೂ ಆ ಕಡೆ ಸೇರಿದ್ದ. ಹಳೆಯ ಕಾಲೇಜಿಗೆ ಉಳಿದದ್ದು ಅಧ್ಯಕ್ಷ ಬ್ರೌನ್, ಇಬ್ಬರು ಪ್ರಾಧ್ಯಾಪಕರು, ಕೆಲವು ಬಾಡಿಗೆಯ ಕೋಣೆಗಳು. ಆದರೂ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಆ ಬಾಡಿಗೆ ಕೋಣೆಗಳಿಗೇ ಹೋದರು. ಒಂದು ಕಡೆ ಕಟ್ಟಡ, ಸರ್ಕಾರದ ಬೆಂಬಲ, ದೊಡ್ಡ ಹೆಸರು. ಇನ್ನೊಂದು ಕಡೆ ಮೂವರು ಮೇಷ್ಟರು. ಹುಡುಗರು ಮೇಷ್ಟರ ಹಿಂದೆ ನಡೆದರು.

ಆ ವರ್ಷದ ನವೆಂಬರಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ನಡೆಸುತ್ತಿದ್ದ ಸಾಹಿತ್ಯ ಸಂಘಗಳಿದ್ದವು. ಅವುಗಳಿಗೆ ಸ್ವಂತ ಪುಸ್ತಕಭಂಡಾರಗಳಿದ್ದವು. ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಕೆಲವರನ್ನು ಕೂಡಿಸಿಕೊಂಡು ಬಂದು ಒಂದು ಸಂಘದ ಭಂಡಾರದ ಬಾಗಿಲನ್ನು ಕೊಡಲಿಯಿಂದ ಒಡೆದರು. ಸುದ್ದಿ ತಿಳಿದ ವಿದ್ಯಾರ್ಥಿಗಳು ದೊಣ್ಣೆ ಹಿಡಿದು ಓಡಿಬಂದು, ಒಳಗಿದ್ದವರನ್ನು ಹಿಡಿದು ನಿಲ್ಲಿಸಿ, ಪುಸ್ತಕಗಳನ್ನು ಕಾಪಾಡಿಕೊಂಡರು. ಪ್ರಾಧ್ಯಾಪಕರು ಕೊಡಲಿ ಹಿಡಿದು, ಹುಡುಗರು ಪುಸ್ತಕಕ್ಕಾಗಿ ಹೊಡೆದಾಟಕ್ಕೆ ನಿಂತ ಈ ದೃಶ್ಯದಲ್ಲಿ ನಗುವಂಥದೂ ಇದೆ, ಯೋಚಿಸುವಂಥದೂ ಇದೆ. ಪರೀಕ್ಷೆಗೆ ಬೇಕಾದಷ್ಟನ್ನೇ ಓದುವವರು ಪುಸ್ತಕದ ಬೀರುವಿಗೆ ಕಾವಲು ನಿಲ್ಲುವುದಿಲ್ಲ.

ಧರ್ಮದರ್ಶಿಗಳು ವುಡ್‌ವರ್ಡನ ಮೇಲೆ ದಾವೆ ಹೂಡಿದರು. ಸಂಸ್ಥಾನದ ನ್ಯಾಯಾಲಯದಲ್ಲಿ ಸೋತರು; ಮೇಲ್ಮನವಿ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ 1818ರ ಮಾರ್ಚ್ 10ರಂದು ಕಾಲೇಜಿನ ಪರವಾಗಿ ನಿಂತವನು ಡೇನಿಯಲ್ ವೆಬ್‌ಸ್ಟರ್. ಒಕ್ಕಲುಮಗನಾದ ಈತ 1801ರಲ್ಲಿ ಅದೇ ಕಾಲೇಜಿನಿಂದ ತೇರ್ಗಡೆಯಾದವನು. ತಮ್ಮ ಸಂಸಾರ ಇಬ್ಬರನ್ನು ಒಟ್ಟಿಗೆ ಓದಿಸಲಾರದೆಂದು, ತಾನು ಶಾಲಾಮಾಸ್ತರಿಕೆ ಮಾಡಿ ಅಣ್ಣನ ಕಾಲೇಜಿನ ಖರ್ಚಿಗೆ ಒದಗಿದವನು. ಗಂಟೆಗಟ್ಟಲೆ ಕಾನೂನನ್ನು ವಾದಿಸಿದ ಮೇಲೆ ಕೊನೆಯಲ್ಲಿ ಆತ ನ್ಯಾಯಮೂರ್ತಿಗಳಿಗೆ, ಇದೊಂದು ಚಿಕ್ಕ ಕಾಲೇಜು, ಆದರೂ ಇದನ್ನು ಪ್ರೀತಿಸುವವರಿದ್ದಾರೆ ಎಂಬರ್ಥದ ಮಾತನ್ನು ಹೇಳಿ ಕಣ್ಣೀರು ತುಂಬಿದನೆಂದು ಪ್ರತೀತಿ. ಇತಿಹಾಸಕಾರನು ಇಲ್ಲಿ ಸ್ವಲ್ಪ ನಿಲ್ಲಬೇಕು. ಅಚ್ಚಾದ ವಾದದಲ್ಲಿ ಆ ಮಾತಿಲ್ಲ. ಅಂದು ಕೇಳಿದ್ದ ಯೇಲ್ ಕಾಲೇಜಿನ ಪ್ರಾಧ್ಯಾಪಕ ಗುಡ್‌ರಿಚ್ ಎಂಬಾತ ಎಷ್ಟೋ ವರ್ಷಗಳ ಮೇಲೆ ನೆನಪಿನಿಂದ ಬರೆದುಕೊಟ್ಟದ್ದು 1853ರಲ್ಲಿ ಬೆಳಕಿಗೆ ಬಂತು. ಅಕ್ಷರಶಃ ನಂಬುವುದು ಬೇಡ. ಕೇಳಿದವನಿಗೆ ಮೂರು ದಶಕಗಳಾದರೂ ಮರೆಯಲಿಲ್ಲ ಎಂಬುದನ್ನಷ್ಟು ನಂಬಬಹುದು.

1819ರ ಫೆಬ್ರುವರಿ 2ರಂದು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ತೀರ್ಪನ್ನಿತ್ತ. ಸನ್ನದು ಒಂದು ಕರಾರು, ಕರಾರನ್ನು ಮುರಿಯುವ ಅಧಿಕಾರ ಸಂಸ್ಥಾನದ ಶಾಸನಸಭೆಗೆ ಇಲ್ಲ ಎಂಬುದು ಅದರ ಸಾರ. ಕಾಲೇಜು ಗೆದ್ದಿತು. ಗೆಲ್ಲಿಸುವುದಕ್ಕೆ ಹಗಲಿರುಳು ದುಡಿದ ಬ್ರೌನ್ ಮರುವರ್ಷವೇ ಕ್ಷಯರೋಗದಿಂದ ತೀರಿಕೊಂಡ.

ಇಲ್ಲಿಗೆ ಕಥೆಯನ್ನು ಮುಗಿಸಿದರೆ ಅದು ಅರ್ಧ ಸತ್ಯವಾದೀತು. ತೀರ್ಪಿನಲ್ಲಿ ಗೆದ್ದದ್ದು ಕರಾರು. ವಿದ್ಯೆಯ ಬೆಲೆಯನ್ನು ಕೋರ್ಟು ತೂಗಲಿಲ್ಲ. ಅದೇ ತೀರ್ಪು ಮುಂದೆ ವ್ಯಾಪಾರದ ಕಂಪನಿಗಳಿಗೂ ರಕ್ಷೆಯಾಯಿತು. ಹಾಗಾದರೆ ಆ ಬಾಡಿಗೆ ಕೋಣೆಗಳ ವಿದ್ಯೆ ಏನು ಮಾಡಿತು? ಇದಕ್ಕೆ ವೆಬ್‌ಸ್ಟರನಂಥ ಪ್ರಸಿದ್ಧನನ್ನು ಬಿಟ್ಟು ಬೇರೊಬ್ಬನನ್ನು ತೋರಿಸುತ್ತೇನೆ.

ಜಗಳ ತಾರಕಕ್ಕೇರಿದ 1816ರಲ್ಲಿ ಜಾರ್ಜ್ ಪರ್ಕಿನ್ಸ್ ಮಾರ್ಷ್ ಎಂಬ ಹದಿನೈದರ ಹುಡುಗ ಡಾರ್ಟ್‌ಮತ್ತಿಗೆ ಸೇರಿ 1820ರಲ್ಲಿ ಹೊರಬಂದ. ಆಮೇಲೆ ಲಾಯರಿಕೆ, ರಾಜಕೀಯ, ರಾಯಭಾರ ಎಲ್ಲವನ್ನೂ ಮಾಡಿದ. ಭಾಷೆಗಳನ್ನು ಒಂದರ ಮೇಲೊಂದು ತಾನೇ ಕಲಿತ. ಹುಟ್ಟಿದ ವರ್‌ಮಾಂಟಿನ ಬೆಟ್ಟಗಳು ಕೊಡಲಿಗೆ ಬೋಳಾಗಿ ಮಣ್ಣು ಕೊಚ್ಚಿಹೋದದ್ದನ್ನು ಕಂಡಿದ್ದ ಆತ, ತುರ್ಕಿಯಲ್ಲಿಯೂ ಇಟಲಿಯಲ್ಲಿಯೂ ರಾಯಭಾರಿಯಾಗಿದ್ದಾಗ ಪ್ರಾಚೀನ ಗ್ರಂಥಕಾರರು ಹುಲುಸಾದ ನೆಲವೆಂದು ವರ್ಣಿಸಿದ ಕಡೆಗಳಲ್ಲಿ ಬರಡನ್ನು ಕಂಡ. ಎರಡನ್ನೂ ಜೋಡಿಸಿ ನೋಡಿದ. 1864ರಲ್ಲಿ ಹೊರಬಂದ ಅವನ ‘ಮ್ಯಾನ್ ಅಂಡ್ ನೇಚರ್’ ಎಂಬ ಗ್ರಂಥ, ಕಾಡನ್ನು ಕಡಿದ ಮನುಷ್ಯ ತನ್ನ ನೆಲವನ್ನು ತಾನೇ ಕೆಡಿಸಿಕೊಳ್ಳುವನೆಂದು ಲೋಕಕ್ಕೆ ತಿಳಿಸಿತು. ಆತ ಅರಣ್ಯಶಾಸ್ತ್ರವನ್ನು ಓದಿದವನಲ್ಲ. ಓದಿದ್ದು ಲ್ಯಾಟಿನ್, ಗ್ರೀಕ್. ಹಳೆಯ ಪುಸ್ತಕದ ಸಾಲನ್ನೂ ಕಣ್ಣೆದುರಿನ ಗುಡ್ಡವನ್ನೂ ಒಟ್ಟಿಗೆ ಹಿಡಿಯಬಲ್ಲ ಮನಸ್ಸು ಬೇಕಾಗಿತ್ತು; ಅದು ಅವನಲ್ಲಿತ್ತು.

ಆ ಪುಸ್ತಕ ನಮ್ಮ ದೇಶಕ್ಕೂ ಬಂತು. 1840ರ ದಶಕದಲ್ಲಿ ಶಿವಮೊಗ್ಗೆಯಲ್ಲಿ ವೈದ್ಯನಾಗಿದ್ದು ಮಲೆನಾಡಿನ ಕಾಡು ಕಡಿತವನ್ನು ಕಂಡಿದ್ದ, ಮುಂದೆ 1856ರಲ್ಲಿ ಮದರಾಸಿನ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗ್‌ಹಾರ್ನ್, ಅದನ್ನು ಹಿಮಾಲಯದ ತಪ್ಪಲುಗಳಲ್ಲಿ ಜೊತೆಗೆ ಒಯ್ದುದಾಗಿ ಮಾರ್ಷನಿಗೆ ಬರೆದ. ಚಿಕ್ಕ ಕಾಲೇಜಿನ ಪಾಠ ಎಲ್ಲಿಂದ ಎಲ್ಲಿಗೆ ನಡೆಯಿತು ನೋಡಿ.

1828ರಲ್ಲಿ, ಸತ್ತ ಭಾಷೆಗಳನ್ನು ಬಿಟ್ಟು ಉಪಯೋಗದ ವಿದ್ಯೆ ಕಲಿಸಿರೆಂಬ ಕೂಗೆದ್ದಾಗ ಯೇಲ್ ಕಾಲೇಜಿನ ಅಧ್ಯಾಪಕರು ಒಂದು ವರದಿ ಬರೆದರು. ಯಾವುದೋ ಒಂದು ಕಸುಬನ್ನು ಕಲಿಸುವುದು ಕಾಲೇಜಿನ ಕೆಲಸವಲ್ಲ, ಎಲ್ಲ ಕಸುಬುಗಳಿಗೂ ಬೇಕಾದ ತಳಹದಿಯನ್ನು ಹಾಕುವುದೇ ಕೆಲಸ. ಮನಸ್ಸಿಗೆ ಸಾಮಗ್ರಿಯನ್ನು ತುಂಬುವುದಕ್ಕಿಂತ ಅದರ ಶಕ್ತಿಯನ್ನು ಪಳಗಿಸುವುದು ಮುಖ್ಯ ಎಂದರು. ಲ್ಯಾಟಿನ್ನೇ ಆಗಬೇಕೆಂಬ ಅವರ ಹಟವನ್ನು ನಾನು ಒಪ್ಪುವುದಿಲ್ಲ. ತಳಹದಿಯ ಮಾತನ್ನು ಮಾತ್ರ ಮಾರ್ಷನ ಬಾಳು ನಿಜಮಾಡಿತು.

ಇನ್ನೊಂದು ಲೆಕ್ಕ ಬಾಕಿಯಿದೆ. ಡಾರ್ಟ್‌ಮತ್ತಿನ ಮೂಲಧನದಲ್ಲಿ ದೊಡ್ಡ ಭಾಗವನ್ನು ಗಳಿಸಿದವನು ಸ್ಯಾಮ್ಸನ್ ಆಕಮ್. ಅಮೆರಿಕದ ಮೂಲನಿವಾಸಿಗಳಾದ ಮೊಹೀಗನರ ಪಂಗಡದವನು, ವೀಲಾಕನ ಶಿಷ್ಯ. ತನ್ನ ಜನರ ಮಕ್ಕಳಿಗೆ ಶಾಲೆಯಾಗುವುದೆಂದು ನಂಬಿ, ಬ್ರಿಟನ್ನಿನ ಊರೂರು ತಿರುಗಿ ಉಪನ್ಯಾಸ ಮಾಡಿ, 1768ರ ಹೊತ್ತಿಗೆ ಸುಮಾರು 12,000 ಪೌಂಡುಗಳನ್ನು ಕೂಡಿಸಿದ. ಕಾಲೇಜೋ ಬಿಳಿಯರ ಮಕ್ಕಳ ಪಾಲಾಯಿತು. 1771ರಲ್ಲಿ ಆಕಮ್ ಗುರುವಿಗೆ ಪತ್ರ ಬರೆದು, ಗುರು ಕಲಿಸಿದ ಲ್ಯಾಟಿನ್ನಿನಲ್ಲಿಯೇ ಶ್ಲೇಷೆ ಮಾಡಿ ಚುಚ್ಚಿದ: ‘ಆಲ್ಮಾ’ ಎಂದರೆ ಪೊರೆಯುವವಳು, ‘ಆಲ್ಬಾ’ ಎಂದರೆ ಬಿಳಿಯವಳು, ನಿಮ್ಮ ವಿದ್ಯಾಮಾತೆ ನಮ್ಮ ಕಂದುಬಣ್ಣದ ಮಕ್ಕಳಿಗೆ ಹಾಲೂಡಿಸಲಾರದಷ್ಟು ಬಿಳಿಯವಳಾದಳೆಂದು ಆತನ ಅಳಲು. ಕಾಲೇಜು ಆ ಋಣವನ್ನು ನೆನೆದು ಹಳೆಯ ಸಂಕಲ್ಪಕ್ಕೆ ಮರಳಿದ್ದು 1970ರಲ್ಲಿ. ಆಕಮನ ಕಾಗದಪತ್ರಗಳನ್ನು ಮೊಹೀಗನರಿಗೆ ಹಿಂತಿರುಗಿಸಿದ್ದು 2022ರಲ್ಲಿ.

ಉದಾರ ಶಿಕ್ಷಣದ ಬೆಲೆಯನ್ನು ನನಗೆ ಎಲ್ಲಕ್ಕಿಂತ ಚೆನ್ನಾಗಿ ತಿಳಿಸುವುದು ಈ ಪತ್ರವೇ. ಕಲಿಸಿದವನ ತಪ್ಪನ್ನು ಕಲಿತವನು ತೋರಿಸಬಲ್ಲವನಾಗಬೇಕು. ಕಸುಬು ಕಲಿತ ಕೈ ಒಡೆಯನ ಕೆಲಸವನ್ನು ಮಾಡಿಕೊಡುತ್ತದೆ. ಇತಿಹಾಸ, ಭಾಷೆ, ತರ್ಕಗಳನ್ನು ಕಲಿತ ಬುದ್ಧಿ ಆ ಕೆಲಸ ನ್ಯಾಯವೆ ಎಂದೂ ಕೇಳುತ್ತದೆ. ನಾಡಿಗೆ ಎರಡೂ ಬೇಕು.

ನಮ್ಮ ತಾಲ್ಲೂಕು ಕೇಂದ್ರಗಳ ಕಾಲೇಜಿನಲ್ಲಿ ಇತಿಹಾಸಕ್ಕೆ ಎಂಟು ಮಂದಿ, ತತ್ತ್ವಶಾಸ್ತ್ರಕ್ಕೆ ನಾಲ್ವರು ಬಂದರೆ, ಆ ತರಗತಿಯನ್ನು ಮುಚ್ಚೋಣವೆಂಬ ಮಾತು ಬರುವುದು ಸಹಜ. ಮುಚ್ಚುವ ಮೊದಲು ಲೆಕ್ಕವನ್ನು ಪೂರ್ತಿಯಾಗಿ ಹಾಕಬೇಕೆಂದಷ್ಟೇ ನನ್ನ ಬಿನ್ನಹ. ಡಾರ್ಟ್‌ಮತ್ತನ್ನು ಕಡೆಗೆ ಕಾನೂನು ಕಾಪಾಡಿತು, ನಿಜ. ಆದರೆ ತೀರ್ಪು ಬರುವತನಕ ಎರಡು ವರ್ಷ ಅದನ್ನು ಜೀವಂತವಾಗಿ ಇಟ್ಟವರು, ಪಾಠ ನಿಲ್ಲಿಸದ ಮೂವರು ಮೇಷ್ಟರು ಮತ್ತು ಬಾಡಿಗೆಯ ಕೋಣೆಗೆ ಬಂದು ಕುಳಿತ ಹುಡುಗರು. ಆ ಎಂಟು ಮಂದಿ ಬಂದು ಕುಳಿತಿರುವವರೆಗೆ ಪಾಠವನ್ನು ಹೇಳುತ್ತಿರೋಣ.