ಗಾಜಿನಂಥ ಸೋಪು, ಗಂಧದ ಸೋಪು ಮತ್ತು ಒಂದು ಮಹಾಯುದ್ಧ

ಪಿಯರ್ಸ್ ಸೋಪನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ಕಡೆ ಏನು ಕಾಣುತ್ತೆ ಅಂತ ನೋಡದ ಮಕ್ಕಳು ಕಡಿಮೆ. ಈಗ ಅಂಥದ್ದೇ ಗಾಜಿನಂಥ ಸೋಪಿನ ಗಟ್ಟಿ ಕಿಲೋ ಲೆಕ್ಕದಲ್ಲಿ ಸಿಗುತ್ತೆ. ಹೆಸರು 'ಮೆಲ್ಟ್ ಅಂಡ್ ಪೋರ್ ಬೇಸ್'. ತುಂಡು ಮಾಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಬಣ್ಣ, ಪರಿಮಳ ಬೆರೆಸಿ ಅಚ್ಚಿಗೆ ಹುಯ್ದರೆ ಆರುವಷ್ಟರಲ್ಲಿ ಸೋಪು ರೆಡಿ. ಕೈ ಸುಡುವ ಕಾಸ್ಟಿಕ್ ಸೋಡಾದ ಗೋಜೇ ಇಲ್ಲ.

ಈ ಬೇಸ್ ಕೊಳ್ಳುವಾಗ ಎಲ್ಲರೂ ಮೊದಲು ನೋಡೋದು ಅದು ಎಷ್ಟು ತಿಳಿಯಾಗಿದೆ ಅನ್ನೋದನ್ನ. ತಿಳಿಯಾಗಿದ್ದರೆ ಶುದ್ಧ, ಮಬ್ಬಾಗಿದ್ದರೆ ಕಲಬೆರಕೆ ಅನ್ನುವ ನಂಬಿಕೆ. ನೀರಿಗೆ, ತುಪ್ಪಕ್ಕೆ ಈ ಮಾತು ಒಪ್ಪಬಹುದು. ಸೋಪಿಗೂ ಒಪ್ಪುತ್ತಾ? ಕುತೂಹಲದಿಂದ ಕೆದಕುತ್ತಾ ಹೋದರೆ ಕಥೆ ಲಂಡನ್ನಿನಿಂದ ಹೊರಟು ನಮ್ಮ ಯಶವಂತಪುರದ ಪಕ್ಕಕ್ಕೇ ಬಂದು ನಿಂತಿತು :-)

ಕ್ಷೌರಿಕನ ಉಪಾಯ

ಆಂಡ್ರ್ಯೂ ಪಿಯರ್ಸ್ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯವನು. ಲಂಡನ್ನಿಗೆ ಬಂದು ಸೋಹೋದಲ್ಲಿ ಕ್ಷೌರದಂಗಡಿ ಇಟ್ಟ. ಆಗಿನ ಸೋಪುಗಳು ಚರ್ಮಕ್ಕೆ ಬಲು ಒರಟು. ಮೃದುವಾದದ್ದೊಂದನ್ನು ಮಾಡಬೇಕು ಅಂತ ಹೊರಟವನು ಸೋಪನ್ನು ಮದ್ಯಸಾರದಲ್ಲಿ, ಅಂದರೆ ಆಲ್ಕೋಹಾಲಿನಲ್ಲಿ ಕರಗಿಸಿ ಶುದ್ಧಿ ಮಾಡಿದ. 1807ರಲ್ಲಿ ಅವನ ಪಾರದರ್ಶಕ ಸೋಪು ಮಾರಾಟಕ್ಕೆ ಬಂತು. ಬೆಳಕು ದಾಟಿಸುವ ಸೋಪಿನಲ್ಲಿ ಕೊಳೆ ಅಡಗಿರೋಕೆ ಜಾಗ ಎಲ್ಲಿದೆ? ಗಿರಾಕಿಗೆ ಬೇರೆ ಪುರಾವೆ ಬೇಕಾಗಲಿಲ್ಲ. ಮುಂದೆ ಥಾಮಸ್ ಬ್ಯಾರಟ್ ಎಂಬ ಜಾಹೀರಾತಿನ ಜಾಣ ಆ ಕಂಪನಿಯ ಹೆಸರನ್ನು ಮನೆಮನೆಗೆ ಮುಟ್ಟಿಸಿದ. 'ತಿಳಿ ಅಂದರೆ ಶುದ್ಧ' ಅನ್ನೋದು ಗಟ್ಟಿಯಾಗಿ ಬೇರೂರಿತು.

ನಿಜವಾಗಿ ಆಗೋದು ಇಷ್ಟು. ಮಾಮೂಲಿ ಸೋಪು ಆರುವಾಗ ಅದರೊಳಗೆ ಹರಳುಗಳು ಬೆಳೆಯುತ್ತವೆ. ಅವು ಬೆಳಕನ್ನು ಚೆದುರಿಸುತ್ತವೆ, ಹಾಗಾಗಿ ಸೋಪು ಬೆಳ್ಳಗೆ, ಮಬ್ಬಾಗಿ ಕಾಣುತ್ತೆ. ಆಲ್ಕೋಹಾಲ್, ಗ್ಲಿಸರಿನ್, ಸಕ್ಕರೆ ಇಂಥವು ನಡುವೆ ಸೇರಿಕೊಂಡರೆ ಹರಳು ದೊಡ್ಡದಾಗೋಕೆ ಬಿಡೋದಿಲ್ಲ. ಬೆಳಕು ಸಲೀಸಾಗಿ ದಾಟುತ್ತೆ. ಅಂದರೆ ಸೋಪು ತಿಳಿಯಾಗೋದು ಏನನ್ನೋ ತೆಗೆದುಹಾಕಿದ್ದರಿಂದ ಮಾತ್ರವಲ್ಲ, ಏನನ್ನೋ ಸೇರಿಸಿದ್ದರಿಂದ! ಸಕ್ಕರೆ ಪಾಕ ಹಾಕಿದರೂ ಸೋಪು ಗಾಜಿನಂತಾಗುತ್ತೆ ಅಂದರೆ ಶುದ್ಧತೆಯ ವಾದ ಎಲ್ಲಿಗೆ ಬಂತು ನೋಡಿ.

ಗ್ಲಿಸರಿನ್ ಎಂಬ ಉಪಪಾತ್ರ

1779ರಲ್ಲಿ ಸ್ವೀಡನ್ನಿನ ಕಾರ್ಲ್ ಷೀಲೆ ಆಲಿವ್ ಎಣ್ಣೆಯಿಂದ ಒಂದು ಸಿಹಿಯಾದ, ಮಂದವಾದ ದ್ರವ ಬೇರ್ಪಡಿಸಿದ. ಫ್ರಾನ್ಸಿನ ಮಿಷೆಲ್ ಷೆವ್ರೆಲ್ ಅದಕ್ಕೆ ಗ್ಲಿಸರಿನ್ ಅಂತ ಹೆಸರಿಟ್ಟ. ಎಣ್ಣೆ, ಕೊಬ್ಬುಗಳು ಕ್ಷಾರದ ಜೊತೆ ಸೇರಿ ಸೋಪಾಗುವಾಗ ಗ್ಲಿಸರಿನ್ ಬೇರೆಯಾಗುತ್ತೆ ಅಂತ ವಿವರಿಸಿದವನೂ ಅವನೇ. ನೂರು ಕಿಲೋ ಎಣ್ಣೆಯಿಂದ ಸುಮಾರು ಹತ್ತು ಕಿಲೋ ಗ್ಲಿಸರಿನ್ ಬರುತ್ತೆ.

ಸೋಪಿನವರಿಗೆ ಇದು ಮೊದಲು ಅಷ್ಟೇನೂ ಬೇಡದ ವಸ್ತು. 1847ರಲ್ಲಿ ಇಟಲಿಯ ಸೊಬ್ರೆರೋ ನೈಟ್ರೋಗ್ಲಿಸರಿನ್ ಕಂಡುಹಿಡಿದ. 1867ರಲ್ಲಿ ನೊಬೆಲ್ ಅದರಿಂದ ಡೈನಮೈಟ್ ಮಾಡಿ ಪೇಟೆಂಟ್ ಪಡೆದ. ಅಲ್ಲಿಂದ ಸೋಪಿನ ಕಾರ್ಖಾನೆಗೂ ಮದ್ದುಗುಂಡಿನ ಕಾರ್ಖಾನೆಗೂ ನಂಟು ಬೆಳೆಯಿತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷರ ಕಾರ್ಡೈಟ್‌ಗೆ ನೈಟ್ರೋಗ್ಲಿಸರಿನ್ ಬೇಕೇ ಬೇಕು. ಸೋಪಿನವರು ತೆಗೆದ ಗ್ಲಿಸರಿನ್ ಯುದ್ಧಕ್ಕೆ ಹೋಯಿತು. ಮೈ ತೊಳೆಯುವ ಸೋಪಿನ ಜೊತೆ ಹುಟ್ಟಿದ್ದು ಕಂದಕದಲ್ಲಿ ಸಿಡಿಯಿತು.

ಅದೇ ಯುದ್ಧ, ನಮ್ಮೂರಿನಲ್ಲಿ

ಆವರೆಗೆ ಮೈಸೂರು ಸಂಸ್ಥಾನದ ಶ್ರೀಗಂಧ ಹರಾಜಾಗಿ ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ಕೆಲಸ, ಲಾಭ ಎರಡೂ ಅಲ್ಲೇ. ಯುದ್ಧ ಬಂದು ದಾರಿ ಮುಚ್ಚಿತು, ಗಂಧ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರು, ವಿಶ್ವೇಶ್ವರಯ್ಯ ದಿವಾನರು. ಎಣ್ಣೆಯನ್ನು ನಾವೇ ಯಾಕೆ ತೆಗೆಯಬಾರದು ಅಂತ ಹೊರಟರು. ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಮುಂದೆ ನಿಂತರು. ಟಾಟಾ ಇನ್‌ಸ್ಟಿಟ್ಯೂಟಿನ (ಈಗಿನ ಐಐಎಸ್‌ಸಿ) ಸಡ್‌ಬರೋ ಮತ್ತು ವಾಟ್ಸನ್ ಬಟ್ಟಿ ಇಳಿಸುವ ಪ್ರಯೋಗ ಮಾಡಿದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತಯಾರಾಯಿತು.

ಎಣ್ಣೆ ಇದೆ, ಅದನ್ನು ಸೋಪಿಗೆ ಹಾಕಿದರೆ? ಅದಕ್ಕಾಗಿ ಎಸ್. ಜಿ. ಶಾಸ್ತ್ರಿ ಅವರನ್ನು ಇಂಗ್ಲೆಂಡಿಗೆ ಕಳಿಸಿ ಸೋಪಿನ ವಿದ್ಯೆ ಕಲಿಸಿದರು. 1918ರ ಹೊತ್ತಿಗೆ ಸರ್ಕಾರಿ ಸೋಪು ಕಾರ್ಖಾನೆಯಿಂದ ಮೈಸೂರ್ ಸ್ಯಾಂಡಲ್ ಹೊರಬಂತು. ಮೊಟ್ಟೆಯಾಕಾರದ ಸೋಪು, ಗುರುತಿಗೆ ಸಿಂಹದ ಮೈಗೆ ಆನೆಯ ತಲೆ ಇರುವ ಶರಭ. ಕಾರ್ಖಾನೆ ಮುಂದೆ ಯಶವಂತಪುರದ ಕಡೆಗೆ ಬಂತು, 1980ರಲ್ಲಿ ಕೆಎಸ್‌ಡಿಎಲ್ ಕಂಪನಿಯಾಯಿತು. 2006ರಲ್ಲಿ ಸೋಪಿಗೆ ಭೌಗೋಳಿಕ ಗುರುತು ಸಿಕ್ಕಿತು. ಚಿಕ್ಕಬಾಣಾವರದಿಂದ ಜಾಲಹಳ್ಳಿ ಕ್ರಾಸಿಗೆ ಬಂದು ಮೆಟ್ರೋ ಹತ್ತಿದರೆ, ಯಶವಂತಪುರ ದಾಟಿದ ಕೂಡಲೇ 'ಸ್ಯಾಂಡಲ್ ಸೋಪ್ ಫ್ಯಾಕ್ಟರಿ' ಅಂತ ಕೂಗುತ್ತೆ. ಸೋಪಿನ ಹೆಸರಿನ ಸ್ಟೇಷನ್ ಇರುವ ಊರು ನಮ್ಮದು!

ಗಮನಿಸಿ, ನೂರು ವರ್ಷ ದಾಟಿದ ಈ ಸೋಪು ಪಾರದರ್ಶಕವಲ್ಲ. ಅದರ ಮೇಲಿನ ನಂಬಿಕೆ ನಿಂತಿರೋದು ಕಣ್ಣಿಗೆ ಕಾಣುವ ತಿಳಿಯ ಮೇಲಲ್ಲ, ಒಳಗಿರೋದು ಅಸಲಿ ಗಂಧದೆಣ್ಣೆ ಅನ್ನುವ ಮಾತಿನ ಮೇಲೆ.

ಹಾಗಾದರೆ ಬೇಸ್ ಆರಿಸೋದು ಹೇಗೆ?

ನಮ್ಮ ಅತ್ತಿಗೆ ಈಗ ಸೋಪು ಮಾಡಿ ಮಾರುವ ಯೋಚನೆಯಲ್ಲಿದ್ದಾರೆ. ಲೇಬಲ್ ಮೇಲೆ 'ಕೆಮಿಕಲ್ ಇಲ್ಲದ ಶುದ್ಧ ಸೋಪು' ಅಂತ ಹಾಕಿಸೋಣವಾ ಅಂದರು. ಬೇಡ ಅತ್ತಿಗೆ ಅಂದೆ. ಗಾಜಿನಂಥ ಬೇಸ್ ಅಂದರೆ ಸೋಪಿನ ಜೊತೆ ಗ್ಲಿಸರಿನ್, ಸಾರ್ಬಿಟಾಲ್, ಪ್ರೊಪಿಲೀನ್ ಗ್ಲೈಕಾಲ್, ಎಷ್ಟೋ ಸಲ ನೊರೆಗಾಗಿ ಎಸ್‌ಎಲ್‌ಇಎಸ್. ಇವಿರೋದು ಅಪರಾಧವಲ್ಲ, ಇಲ್ಲ ಅಂತ ಬರೆಯೋದು ಸುಳ್ಳು. ಎಳೆ ಮಗುವಿನ ತಾಯಿ ಆ ಲೇಬಲ್ ನಂಬಿಯೇ ಕೊಳ್ಳುತ್ತಾಳೆ ತಾನೆ?

ಹಾಗಾಗಿ ಬೆಳಕಿಗೆ ಹಿಡಿದು ನೋಡೋ ಮೊದಲು ಪದಾರ್ಥಗಳ ಪಟ್ಟಿ ಓದಿ. ಪಟ್ಟಿ ಕೊಡದವರ ಹತ್ತಿರ ಕೊಳ್ಳಬೇಡಿ. ನೊರೆಯ ರಾಸಾಯನಿಕ ನಿಮ್ಮ ಚರ್ಮಕ್ಕೆ ಆಗದಿದ್ದರೆ ಅದಿಲ್ಲದ ಬೇಸ್ ಹುಡುಕಿ, ಸ್ವಲ್ಪ ಮಬ್ಬಿದ್ದರೂ ಪರವಾಗಿಲ್ಲ. ಮೊದಲು ನೂರಿನ್ನೂರು ಗ್ರಾಂ ಮಾತ್ರ ಕರಗಿಸಿ, ಅಚ್ಚು ಹಾಕಿ, ಮಳೆಗಾಲದ ಗಾಳಿಯಲ್ಲಿ ಒಂದು ವಾರ ತೆರೆದಿಡಿ. ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತೆ, ಮೇಲೆ ಬೆವರಿನಂತೆ ಹನಿ ಕೂರುತ್ತೆ. ಅದು ಕೆಟ್ಟ ಸೋಪಿನ ಗುರುತಲ್ಲ, ಆರಿದ ಕೂಡಲೇ ಸುತ್ತಿಟ್ಟರೆ ಸಾಕು. ಕುದಿಸಬೇಡಿ, ನೀರಿನಂಶ ಹೋಗಿ ಬೇಸ್ ಹಾಳಾಗುತ್ತೆ. ಹಾಲು, ಮೊಸರು, ಹಸಿ ಹೂವು ಹಾಕಿದರೆ ಕೆಡುತ್ತವೆ, ತಿಳಿ ಸೋಪಿನಲ್ಲಿ ಕೆಟ್ಟದ್ದು ಎದ್ದು ಕಾಣುತ್ತೆ. ವೆನಿಲಿನ್ ಇರುವ ಪರಿಮಳ ಬರಬರುತ್ತಾ ಕಂದಾಗುತ್ತೆ. ಇನ್ನು, ಮಾರುವುದಾದರೆ ಪರವಾನಗಿ ಬೇಕು, ಅದನ್ನ ಮೊದಲೇ ವಿಚಾರಿಸಿಕೊಳ್ಳಿ.

ಕೊನೆಗೆ ನಾವು ಒಪ್ಪಿಕೊಂಡ ಲೇಬಲ್: 'ಗ್ಲಿಸರಿನ್ ಸೋಪ್ ಬೇಸ್‌ನಿಂದ ಮನೆಯಲ್ಲಿ ಅಚ್ಚು ಹಾಕಿದ್ದು'. ಕೆಳಗೆ ಪೂರ್ತಿ ಪಟ್ಟಿ.

ಒಂದೇ ಕೊರತೆ, ಈ 'ಮೆಲ್ಟ್ ಅಂಡ್ ಪೋರ್'ಗೆ ಬಾಯಿಗೆ ಹಿತವಾದ ಕನ್ನಡ ಪದ ಇನ್ನೂ ಸಿಕ್ಕಿಲ್ಲ. ಕರಗಿಸಿ ಅಚ್ಚಿಗೆ ಹುಯ್ಯೋದಕ್ಕೆ ನಮ್ಮ ಕಂಚುಗಾರರು 'ಎರಕ' ಅನ್ನುತ್ತಾರಲ್ಲ, 'ಎರಕದ ಸೋಪು' ಅಂದರೆ ಹೇಗೆ? ಏನಂತೀರಿ?